ಫೋಟೊ ಕಳಿಸಿದ್ದು ನಾನೇ, ಈಗ ದೂರು ಕೊಡಬಹುದಾ?

ಓದುಗರ ಪ್ರಶ್ನೆ (ಗುರುತು ಸಿಗುವ ವಿವರಗಳನ್ನು ತೆಗೆದು, ಸ್ವಲ್ಪ ಚಿಕ್ಕದಾಗಿಸಿದ್ದೇನೆ):

“ನನಗೆ 22 ವರ್ಷ. ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದು ಎಂ.ಎಸ್ಸಿ ಓದುತ್ತಿದ್ದೇನೆ. ನಮ್ಮ ಕ್ಲಾಸಿನ ಹುಡುಗನನ್ನು ಒಂದು ವರ್ಷ ಪ್ರೀತಿಸಿದೆ. ದೀಪಾವಳಿ ರಜೆಯಲ್ಲಿ ಇನ್ನು ಬೇಡ ಎಂದು ಹೇಳಿದೆ. ಮೊದಲು ಅತ್ತ, ಆಮೇಲೆ ಹೆದರಿಸಲು ಶುರು ಮಾಡಿದ. ಜೊತೆಯಲ್ಲಿದ್ದಾಗ ಅವನು ಕೇಳಿದ್ದಕ್ಕೆ ನನ್ನ ಕೆಲವು ಖಾಸಗಿ ಫೋಟೊ ಕಳಿಸಿದ್ದೆ. ರೂಮಿಗೆ ಬಂದು ಹೋಗದಿದ್ದರೆ ಅವನ್ನು ಅಣ್ಣನಿಗೆ, ಕ್ಲಾಸ್ ಗ್ರೂಪಿಗೆ ಹಾಕುತ್ತೇನೆ ಅನ್ನುತ್ತಾನೆ. ಕಳೆದ ವಾರ ಒಂದು ಫೋಟೊವನ್ನು ನಮ್ಮಿಬ್ಬರ ಸ್ನೇಹಿತನಿಗೆ ಕಳಿಸಿದ್ದಾನೆ. ಆ ಸ್ನೇಹಿತ ನನಗೆ ಹೇಳಿ ಅದನ್ನು ಅಳಿಸಿದ. ಇಲ್ಲದ್ದನ್ನೂ ಎಐನಲ್ಲಿ ಮಾಡಿ ಹಾಕಬಲ್ಲೆ ಅಂತಲೂ ಇವನು ಹೆದರಿಸುತ್ತಾನೆ. ಎಲ್ಲಾ ಡಿಲೀಟ್ ಮಾಡಿ ಸಿಮ್ ಬದಲಾಯಿಸು ಅಂತ ರೂಮ್‌ಮೇಟ್ ಹೇಳುತ್ತಾಳೆ. ಮನೆಗೆ ಗೊತ್ತಾದರೆ ಓದು ಬಿಡಿಸುತ್ತಾರೆ. ಎಲ್ಲಾ ನಡೆಯುವುದು ರಾತ್ರಿ, ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್ಆ್ಯಪ್‌ನಲ್ಲಿ. ಇದಕ್ಕೂ ಕಾಲೇಜಿಗೂ ಏನು ಸಂಬಂಧ? ಶುರುವಾಗಿ ನಾಲ್ಕು ತಿಂಗಳು ಮೇಲಾಯಿತು. ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಎನಿಸುತ್ತದೆ. ಫೋಟೊ ಕಳಿಸಿದ ತಪ್ಪು ನನ್ನದೇ ಆಗಿರುವಾಗ ದೂರು ನಿಲ್ಲುತ್ತದೆಯೇ? ನಿಂತರೆ ಅದನ್ನು ಹೇಗೆ ಬರೆಯುವುದು?”

ಉತ್ತರ:

ನಿಮ್ಮ ಪೂರ್ತಿ ಪತ್ರದಲ್ಲಿ ‘ತಪ್ಪು ನನ್ನದೇ’ ಎಂಬ ಮಾತು ಮೂರು ಸಲ ಬಂದಿದೆ. ಅವನದು ತಪ್ಪು ಎಂದು ಒಂದು ಸಲವೂ ಬಂದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ದೂರು ನಿಲ್ಲುತ್ತದೆ. ನಂಬಿದ ಒಬ್ಬರಿಗೆ ಫೋಟೊ ಕಳಿಸಿದ್ದು ಕಾನೂನಿನ ಕಣ್ಣಿನಲ್ಲಿ ನಿಮ್ಮ ಅಪರಾಧ ಅಲ್ಲ. ಅದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಕಳಿಸಿದ್ದು ಅವನ ಅಪರಾಧ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 77ನೇ ಸೆಕ್ಷನ್ನಿನ ವಿವರಣೆಯಲ್ಲಿ ಇದು ಬಿಡಿಸಿ ಹೇಳಿದೆ: ಚಿತ್ರ ತೆಗೆಯಲು ಹೆಣ್ಣುಮಗಳು ಒಪ್ಪಿದ್ದರೂ, ಬೇರೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧ. ಹಳೆಯ ದಂಡ ಸಂಹಿತೆಯಲ್ಲೂ 2013ರಿಂದ ಇದೇ ಮಾತು ಇತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕೂಡ ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ಕಳಿಸುವುದಕ್ಕೆ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಆ ಸ್ನೇಹಿತನಿಗೆ ಒಂದು ಫೋಟೊ ಹೋಯಿತಲ್ಲ, ಅಲ್ಲಿಗೇ ಗೆರೆ ದಾಟಿ ಆಯಿತು. ಸಾವಿರ ಜನರಿಗೆ ಹೋಗಬೇಕು ಅಂತ ಇಲ್ಲ.

ನಾನು ವಕೀಲೆ. 11 ವರ್ಷದಿಂದ ಕಾಲೇಜುಗಳ ಆಂತರಿಕ ದೂರು ಸಮಿತಿಗಳಲ್ಲಿ (ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ) ಹೊರಗಿನ ಸದಸ್ಯೆಯಾಗಿ ಕೂತಿದ್ದೇನೆ. ‘ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ’ ಎಂಬ ಮಾತನ್ನು ಆ ಕೋಣೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಪ್ರೀತಿಗೆ ಎರಡು ಕೈ ಬೇಕು, ಸರಿ. ಬೆದರಿಕೆಗೆ ಒಂದೇ ಕೈ ಸಾಕು.

ಈಗ ಎಲ್ಲಕ್ಕಿಂತ ತುರ್ತಿನ ಮಾತು. ದಯವಿಟ್ಟು ಏನನ್ನೂ ಅಳಿಸಬೇಡಿ. ಸಿಮ್ ಬದಲಾಯಿಸಬೇಡಿ. ರೂಮ್‌ಮೇಟ್ ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಆ ಸಲಹೆ ಅವನಿಗೆ ಅನುಕೂಲ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ನಮ್ಮ ಸಮಿತಿಯ ಮುಂದೆ ಬಂದಳು. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು. ತೋರಿಸಮ್ಮ ಅಂದೆವು. ತಿರುಗಿಸಿದರೆ, ಅಂಗಡಿಯಿಂದ ಆಗಷ್ಟೇ ತಂದ ಹಾಗೆ ಖಾಲಿ. ಹಿಂದಿನ ರಾತ್ರಿ ಭಯಕ್ಕೆ ರೀಸೆಟ್ ಮಾಡಿಬಿಟ್ಟಿದ್ದಳು. ಅವಳ ಹತ್ತಿರ ಉಳಿದಿದ್ದು ಒಂದು ಸಣ್ಣ ನೋಟ್‌ಬುಕ್. ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ, ನೀಲಿ ಪೆನ್ನಿನಲ್ಲಿ, ಯಾವ ತಾರೀಕು ಎಷ್ಟು ಗಂಟೆಗೆ ಅವನು ಏನು ಬರೆದ ಅಂತ ಬರೆದಿಟ್ಟಿದ್ದಳು. ಆ ನೋಟ್‌ಬುಕ್ ಹಿಡಿದೇ ನಾವು ಆ ಹುಡುಗನನ್ನು ಪ್ರಶ್ನೆ ಮಾಡಿದೆವು. ಮೂರನೇ ತಾರೀಕಿಗೆ ಬರುವಷ್ಟರಲ್ಲಿ ಅವನು ಒಪ್ಪಿಕೊಂಡ. ಒಪ್ಪದೇ ಇದ್ದಿದ್ದರೆ? ಯೋಚಿಸಿದರೆ ಈಗಲೂ ಕಳವಳ ಆಗುತ್ತದೆ.

ಹಾಗಾಗಿ ಇವತ್ತೇ ಕೂತು ಇಷ್ಟು ಮಾಡಿ. ಪ್ರತಿ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಅವನ ನಂಬರ್ ಅಥವಾ ಇನ್‌ಸ್ಟಾಗ್ರಾಮ್ ಯೂಸರ್‌ನೇಮ್, ತಾರೀಕು, ಸಮಯ, ಮೂರೂ ಕಾಣಬೇಕು. ಮೇಲೆ ತೋರುವ ಹೆಸರು ನೀವೇ ಸೇವ್ ಮಾಡಿದ್ದು, ಅದೊಂದೇ ಸಾಲದು. ಕತ್ತರಿಸಬೇಡಿ, ವೃತ್ತ ಎಳೆದು ಗುರುತು ಮಾಡಬೇಡಿ. ಆಮೇಲೆ ರೂಮ್‌ಮೇಟ್ ಫೋನಿನಿಂದ, ನಿಮ್ಮ ಫೋನಿನಲ್ಲಿ ಆ ಚಾಟನ್ನು ಮೇಲಿಂದ ಕೆಳಗೆ ನಿಧಾನವಾಗಿ ಸರಿಸುವ ವಿಡಿಯೊ ಮಾಡಿಸಿ. ನಿಮ್ಮ ಫೋಟೊ ಬರುವ ಕಡೆ ಕೈ ಅಡ್ಡ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಚಾಟ್ ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯ ಇದೆ, ಫೋಟೊ ಬಿಟ್ಟು ಬರೀ ಮಾತನ್ನು ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಅವನು ಮೆಸೇಜ್ ತಾನಾಗಿ ಮಾಯವಾಗುವಂತೆ ಇಟ್ಟಿದ್ದರೆ ಈ ಕೆಲಸ ಇನ್ನೂ ಬೇಗ ಆಗಬೇಕು. ಅದರ ಅವಧಿ 24 ಗಂಟೆಯೂ ಇರಬಹುದು. ಮೂಲ ಫೋನ್ ಮಾತ್ರ ಜೋಪಾನ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೋನ್ ಇದ್ದರೆ ಆ ಕೆಲಸ ಸಲೀಸು.

ಬ್ಲಾಕ್ ಮಾಡಬೇಕೇ? ಮಾಡಿ, ಆದರೆ ಎರಡು ಕೆಲಸ ಆದ ಮೇಲೆ. ಮೊದಲನೆಯದು ಈ ದಾಖಲೆ. ಎರಡನೆಯದು, ಅವನಿಗೆ ಒಂದೇ ಒಂದು ಸ್ಪಷ್ಟ ಮೆಸೇಜ್: ‘ನನಗೆ ಮೆಸೇಜ್ ಮಾಡಬೇಡ, ಕರೆ ಮಾಡಬೇಡ, ಭೇಟಿಗೆ ಬರಬೇಡ. ನನ್ನ ಫೋಟೊ ಯಾರಿಗೂ ಕಳಿಸಲು ನನ್ನ ಒಪ್ಪಿಗೆ ಇಲ್ಲ.’ ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ. ನ್ಯಾಯ ಸಂಹಿತೆಯಲ್ಲಿ ಹಿಂಬಾಲಿಸುವಿಕೆಯ 78ನೇ ಸೆಕ್ಷನ್, ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕ ಮಾಡುವುದನ್ನು ಅಪರಾಧ ಎನ್ನುತ್ತದೆ. ಈ ಒಂದು ಮೆಸೇಜ್ ಅದಕ್ಕೆ ನಿಮ್ಮ ಸಾಕ್ಷಿ. ಆಮೇಲೆ ಅವನ ಯಾವ ಮಾತಿಗೂ ಉತ್ತರ ಕೊಡಬೇಡಿ. ಬ್ಲಾಕ್ ಒತ್ತುವಾಗ ಚಾಟ್ ಅಳಿಸುವ ಆಯ್ಕೆಗೆ ಟಿಕ್ ಬಿದ್ದಿಲ್ಲ ಎಂದು ನೋಡಿಕೊಳ್ಳಿ.

‘ಒಂದು ಸಲ ಬಂದು ಹೋಗು, ಎಲ್ಲಾ ಡಿಲೀಟ್ ಮಾಡುತ್ತೇನೆ’ ಎಂಬ ಮಾತು ಬಂದೇ ಬರುತ್ತದೆ. ಹೋಗಬೇಡಿ. ನಾನು ನೋಡಿದ ಒಂದು ಪ್ರಕರಣದಲ್ಲೂ ಆ ಒಂದು ಸಲ ಕೊನೆಯದಾಗಿರಲಿಲ್ಲ. ಅವನಿಗೆ ಬೇಕಿರುವುದು ಫೋಟೊ ಅಲ್ಲ, ನಿಮ್ಮ ಮೇಲೆ ಹತೋಟಿ. ಬೇಡ ಎಂದು ಹೇಳಿದ ದಿನ ಆ ಹತೋಟಿ ತಪ್ಪಿತು. ಈಗ ನಿಮ್ಮ ಭಯದಿಂದ ಅದನ್ನು ಹಿಂದಕ್ಕೆ ಪಡೆಯಲು ನೋಡುತ್ತಿದ್ದಾನೆ. ನಿಮಗೆ ಯಾರೂ ಇಲ್ಲ ಅಂತ ಅವನು ಅಂದುಕೊಂಡಿರುವವರೆಗೆ ಮಾತ್ರ ಆ ಬೆದರಿಕೆಗೆ ಬಲ. ಹಾಗಾಗಿ ರೂಮ್‌ಮೇಟ್ ಅಲ್ಲದೆ ಇನ್ನೊಬ್ಬ ಹಿರಿಯರಿಗೆ ಈ ವಾರವೇ ಹೇಳಿ. ಚಿಕ್ಕಮ್ಮ, ಅತ್ತಿಗೆ, ಓದಿಸಿದ ಮೇಡಂ, ಯಾರಾದರೂ ಸರಿ.

ಹತ್ತು ನಿಮಿಷದ ಇನ್ನೊಂದು ಕೆಲಸ. ಪ್ರೀತಿಯಲ್ಲಿದ್ದಾಗ ಫೋನ್ ಅದಲು ಬದಲು ಆಗಿರುತ್ತದೆ, ಪಾಸ್‌ವರ್ಡ್ ಹೇಳಿರುತ್ತೇವೆ, ಅಲ್ವಾ? ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ. ಗೊತ್ತಿಲ್ಲದ ಲ್ಯಾಪ್‌ಟಾಪ್ ಇದ್ದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಲಾಗ್ ಔಟ್ ಮಾಡಿ. ಗೂಗಲ್ ಖಾತೆಯಲ್ಲೂ ಯಾವ್ಯಾವ ಸಾಧನ ಇವೆ ನೋಡಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಗೂಗಲ್ ಫೋಟೋಸ್‌ನಲ್ಲಿ ಯಾರ ಜೊತೆಗಾದರೂ ಹಂಚಿಕೆ ಆನ್ ಇದೆಯೇ ನೋಡಿ. ಒಬ್ಬ ವಿದ್ಯಾರ್ಥಿನಿಯ ಪ್ರತಿ ಹೊಸ ಫೋಟೊ ಅವಳಿಗೇ ಗೊತ್ತಿಲ್ಲದೆ ಎಂಟು ತಿಂಗಳು ಹಳೆಯ ಗೆಳೆಯನಿಗೆ ಹೋಗುತ್ತಿತ್ತು. ಬಿಡಿಸಲು ಒಂದು ನಿಮಿಷ ಸಾಕಾಯಿತು.

ಇನ್ನು ಫೋಟೊ ಹರಡದಂತೆ ತಡೆಯುವುದು. ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ 2021ರ ಡಿಸೆಂಬರ್‌ನಿಂದ ಇದೆ. 18 ದಾಟಿದವರಿಗೆ. ನಿಮ್ಮ ಫೋಟೊ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಕೋಡ್ ಫೋನಿನಲ್ಲೇ ತಯಾರಾಗಿ, ಆ ಕೋಡ್ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಸೇರಿಕೊಂಡ ಕಂಪನಿಗಳಲ್ಲಿ ಯಾರಾದರೂ ಅದೇ ಫೋಟೊ ಹಾಕಿದರೆ ಗುರುತು ಸಿಗುತ್ತದೆ. ಆದರೆ ಕೋಡ್ ಮಾಡಲು ಮೂಲ ಫೋಟೊ ನಿಮ್ಮ ಹತ್ತಿರ ಇರಬೇಕು. ಅಳಿಸಬೇಡಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಇದರ ಮಿತಿಯನ್ನೂ ಹೇಳಬೇಕು. ಸೇರಿಕೊಳ್ಳದ ಆ್ಯಪ್‌ಗಳಲ್ಲಿ, ಒಬ್ಬರಿಂದ ಒಬ್ಬರಿಗೆ ಹೋಗುವ ಖಾಸಗಿ ಚಾಟ್‌ನಲ್ಲಿ ಇದು ಕಾಪಾಡುವುದಿಲ್ಲ. ಎಲ್ಲಾದರೂ ಕಾಣಿಸಿಕೊಂಡರೆ ತಕ್ಷಣ ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. ನಗ್ನ ಚಿತ್ರದ ಬಗ್ಗೆ ಸಂಬಂಧಪಟ್ಟವರೇ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕು ಎಂದು 2021ರ ಐಟಿ ನಿಯಮಗಳಲ್ಲೇ ಬಂತು. ತಿದ್ದಿ ಮಾಡಿದ ನಕಲಿ ಚಿತ್ರಕ್ಕೂ ಅದು ಅನ್ವಯ.

ಎಐ ಬೆದರಿಕೆಗೂ ಉತ್ತರ ಅದರಲ್ಲೇ ಇದೆ. ಚಿತ್ರ ನಕಲಿ ಅಂದ ಮಾತ್ರಕ್ಕೆ ಅವನು ತಪ್ಪಿಸಿಕೊಳ್ಳಲಾರ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅಶ್ಲೀಲ ಚಿತ್ರ ಹರಡುವುದರ ಮೇಲಿನ 67 ಮತ್ತು 67ಎ ಸೆಕ್ಷನ್‌ಗಳು ಅಸಲಿ, ನಕಲಿ ಎಂದು ಭೇದ ಮಾಡುವುದಿಲ್ಲ. 2024ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದಲ್ಲಿ ದೊಡ್ಡ ಗಲಾಟೆ ಆಯಿತು. ವಿಶ್ವವಿದ್ಯಾಲಯ, ಶಾಲೆಗಳ ಹೆಸರು ಹಿಡಿದು ಟೆಲಿಗ್ರಾಂನಲ್ಲಿ ಗುಂಪುಗಳಿದ್ದವು. ಸಹಪಾಠಿಗಳೇ ಹುಡುಗಿಯರ ಮುಖ ಅಂಟಿಸಿ ಇಂಥ ಚಿತ್ರ ಮಾಡಿ ಹಂಚುತ್ತಿದ್ದರು. ಮುಂದಿನ ತಿಂಗಳೇ ಅಲ್ಲಿನ ಸಂಸತ್ತು ಅಂಥದ್ದನ್ನು ಇಟ್ಟುಕೊಳ್ಳುವುದು, ನೋಡುವುದೂ ಅಪರಾಧ ಎಂದು ಕಾನೂನು ಮಾಡಿತು. ಇದನ್ನು ಯಾಕೆ ಹೇಳಿದೆ ಅಂದರೆ, ಆ ಹುಡುಗಿಯರು ಯಾರಿಗೂ ಖಾಸಗಿ ಫೋಟೊ ಕಳಿಸಬೇಕಾಗಿಯೇ ಇರಲಿಲ್ಲ. ಸೋಷಿಯಲ್ ಮೀಡಿಯಾದ ಮಾಮೂಲಿ ಫೋಟೊ ಸಾಕಾಗಿತ್ತು. ನಮ್ಮ ಕಾಲೇಜುಗಳಲ್ಲಿ ‘ಸೈಬರ್ ಜಾಗೃತಿ’ ಎಂದು ಹುಡುಗಿಯರನ್ನು ಮಾತ್ರ ಸೆಮಿನಾರ್ ಹಾಲಿನಲ್ಲಿ ಕೂರಿಸಿ, ಫೋಟೊ ಹಾಕಬೇಡಿ, ಡಿಪಿ ಇಡಬೇಡಿ ಎಂದು ಹೇಳಿ ಕಳಿಸುತ್ತಾರೆ. ಆ ಹೊತ್ತಿಗೆ ಹುಡುಗರು ಗ್ರೌಂಡಿನಲ್ಲಿರುತ್ತಾರೆ. ನನಗೆ ಇದು ತುಂಬಾ ನೋವಿನ ವಿಷಯ. ಒಳಗೆ ಕೂರಬೇಕಾದವರು ಅವರೂ ಹೌದು.

ನಿಮ್ಮ ಆ ಸ್ನೇಹಿತನನ್ನೇ ನೋಡಿ. ಒಳ್ಳೆಯ ಹುಡುಗ. ಫಾರ್ವರ್ಡ್ ಮಾಡಲಿಲ್ಲ, ನಿಮಗೆ ಹೇಳಿದ. ಆದರೆ ಏನು ಮಾಡಬೇಕು ಅಂತ ಯಾರೂ ಕಲಿಸಿಲ್ಲದ್ದರಿಂದ ಅಳಿಸಿಬಿಟ್ಟ. ಅಂಥದ್ದು ಬಂದರೆ ಯಾರಿಗೂ, ಸಾಕ್ಷಿಗಾಗಿ ಅಂತಲೂ, ಮುಂದೆ ಕಳಿಸಬಾರದು. ಯಾವ ನಂಬರಿನಿಂದ, ಯಾವತ್ತು, ಎಷ್ಟು ಗಂಟೆಗೆ ಬಂತು ಎಂದು ಬರೆದಿಟ್ಟು, ಚಾಟನ್ನು ಹಾಗೇ ಬಿಟ್ಟು, ಆ ಹುಡುಗಿಗೆ ಹೇಳಬೇಕು. ಈಗಲೂ ಕೈ ಮೀರಿಲ್ಲ. ನೆನಪಿದ್ದಷ್ಟನ್ನು ಇಂದೇ ಬರೆದು ಸಹಿ ಮಾಡಿ ಕೊಡಲು ಹೇಳಿ. ಚಾಟಿನ ಆಚೀಚಿನ ಮಾತುಗಳು, ಹಳೆಯ ಬ್ಯಾಕಪ್ ಇರಬಹುದು. ಅವನ ಹೇಳಿಕೆಯೇ ದೊಡ್ಡ ಸಾಕ್ಷ್ಯ.

ಕಾಲೇಜಿಗೆ ಏನು ಸಂಬಂಧ ಎಂದು ಕೇಳಿದ್ದೀರಿ. ಪೂರ್ತಿ ಸಂಬಂಧ ಇದೆ. ಯುಜಿಸಿಯ 2015ರ ನಿಯಮಗಳು ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು ಎನ್ನುತ್ತವೆ. ಅವನೂ ನೀವೂ ಒಂದೇ ಕಡೆ ಓದುತ್ತಿದ್ದೀರಿ, ಬೆದರಿಕೆಯಿಂದ ನಿಮ್ಮ ಓದು, ಹಾಸ್ಟೆಲ್ ಬದುಕು ಕೆಡುತ್ತಿದೆ. ಮೆಸೇಜ್ ರಾತ್ರಿ ಹನ್ನೊಂದಕ್ಕೆ ಬಂತು, ಫೋನಿನಲ್ಲಿ ಬಂತು ಅನ್ನುವುದು ನೆಪ ಆಗುವುದಿಲ್ಲ. ದೂರಿಗೆ 3 ತಿಂಗಳ ಗಡುವು ಇರುವುದು ನಿಜ. ಆದರೆ ಒಂದರ ಹಿಂದೆ ಒಂದು ನಡೆಯುತ್ತಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ನಿಮ್ಮ ಕೊನೆಯ ಘಟನೆ ಕಳೆದ ವಾರದ್ದು. ಚಿಂತೆ ಬೇಡ.

ಸಮಿತಿಗೆ ಮಹಿಳಾ ಪ್ರಾಧ್ಯಾಪಕಿ ಅಧ್ಯಕ್ಷೆಯಾಗಿರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸದಸ್ಯರಿರಬೇಕು. ವಿದ್ಯಾರ್ಥಿಗಳ ವಿಷಯವಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಇರುವಂತಿಲ್ಲ. ನಿಮಗೆ ಈಗಲೇ ಉಪಯೋಗಕ್ಕೆ ಬರುವುದು ಮಧ್ಯಂತರ ಕ್ರಮ. ಅವನು ನಿಮ್ಮಿಂದ ದೂರ ಇರಬೇಕು ಎಂದು ಎಚ್ಚರಿಕೆ ಕೊಡಿಸಬಹುದು, ಅವನನ್ನು ಬೇರೆ ಸೆಕ್ಷನ್ನಿಗೆ ಹಾಕಲು ಕೇಳಬಹುದು, ಬೇಕಿದ್ದರೆ ನಿಮಗೆ ಮೂರು ತಿಂಗಳವರೆಗೆ ರಜೆ ಸಿಗಬಹುದು. ತಪ್ಪು ಸಾಬೀತಾದರೆ ಹಾಸ್ಟೆಲ್, ಲೈಬ್ರರಿ ನಿಲ್ಲಿಸುವುದರಿಂದ ಹಿಡಿದು ಹೆಸರು ತೆಗೆದುಹಾಕುವವರೆಗೆ ಶಿಕ್ಷೆ ಇದೆ.

ಅಪಾಯಗಳನ್ನೂ ಮುಚ್ಚಿಡುವುದಿಲ್ಲ. ನಿಮ್ಮ ದೂರಿನ ಪ್ರತಿ 7 ದಿನದಲ್ಲಿ ಅವನ ಕೈಗೆ ಹೋಗುತ್ತದೆ, ಉತ್ತರಕ್ಕೆ 10 ದಿನ ಸಿಗುತ್ತದೆ. ಅದು ಅವನ ಹಕ್ಕು. ಆ ದಿನಗಳಲ್ಲಿ ಅವನು ರೇಗಬಹುದು, ಹಾಗಾಗಿ ಮಧ್ಯಂತರ ಕ್ರಮವನ್ನು ದೂರಿನಲ್ಲೇ ಕೇಳಿ. ವಿಚಾರಣೆಗೆ 90 ದಿನ ಇದೆ. ಬೇಗ ಮುಗಿಸಿ ಎಂದು ಅನ್ನಿಸಿದರೂ ಎರಡೂ ಕಡೆ ಸರಿಯಾಗಿ ಕೇಳಲು ಬಿಡಿ. ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸಮಿತಿ ತರಾತುರಿ ಮಾಡಿತ್ತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದೇ ಕಾರಣಕ್ಕೆ ಮತ್ತೆ ವಿಚಾರಣೆ ಮಾಡಿ ಎಂದಿತು. ಅಷ್ಟರಲ್ಲಿ ಹದಿನಾಲ್ಕು ವರ್ಷ ಕಳೆದಿತ್ತು. ಕೆಲವು ಕಡೆ ಸಮಿತಿ ಹೆಸರಿಗಷ್ಟೇ ಇರುತ್ತದೆ ಎಂಬುದೂ ನಿಜ. ನಾನು ಹೋದ ಒಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಧ್ಯಕ್ಷೆ ಎಂದಿದ್ದ ಹೆಸರು ಎರಡು ವರ್ಷದ ಹಿಂದೆ ನಿವೃತ್ತರಾದವರದ್ದು. ಇನ್ನು ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂದು ಒಂದು ಕ್ಷಮಾಪಣೆ ಪತ್ರದಲ್ಲಿ ಮುಗಿಸಲು ನೋಡುವವರೂ ಇರುತ್ತಾರೆ. ರಾಜಿ ನೀವಾಗಿ ಕೇಳಿದರೆ ಮಾತ್ರ. ಬೇರೆ ಯಾರೂ ನಿಮ್ಮ ಮೇಲೆ ಹೇರುವಂತಿಲ್ಲ.

ಪೊಲೀಸ್ ದೂರು ಬೇರೆ ದಾರಿ. ಸಮಿತಿಯ ಜೊತೆಯಲ್ಲೇ ಕೊಡಬಹುದು, ಒಂದು ಮುಗಿಯಲಿ ಎಂದು ಕಾಯಬೇಕಿಲ್ಲ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ, ಸೈಬರ್ ಅಪರಾಧ ಅವರ ಕೆಲಸ. ಯಾವ ಠಾಣೆಗೆ ಹೋದರೂ, ನಮ್ಮ ವ್ಯಾಪ್ತಿ ಅಲ್ಲ ಎನ್ನದೆ, ಝೀರೋ ಎಫ್‌ಐಆರ್ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಇಂಥ ದೂರು ದಾಖಲಿಸಬಹುದು, ಆದರೆ ಹೆಸರಿಲ್ಲದ ದೂರಿನಲ್ಲಿ ತನಿಖೆ ಜಾಸ್ತಿ ದೂರ ಹೋಗುವುದು ಕಷ್ಟ. ಪೊಲೀಸ್ ದಾರಿಯ ಬಲ ಏನೆಂದರೆ ಅವನ ಫೋನ್ ವಶಪಡಿಸಿಕೊಳ್ಳಬಹುದು. ಕಾಲೇಜು ಸಮಿತಿಗೆ ಆ ಅಧಿಕಾರ ಇಲ್ಲ. ಕಷ್ಟ ಏನೆಂದರೆ ನಿಮ್ಮ ಫೋನನ್ನೂ ಕೇಳಬಹುದು, ವಾಪಸ್ ಬರಲು ತಿಂಗಳುಗಳೇ ಆಗಬಹುದು. ಕೋರ್ಟಿಗೆ ವರ್ಷಗಳು ಹಿಡಿಯಬಹುದು. ಹಣದ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಕರೆ ಮಾಡಿ. ಅವನು ಹಾಸ್ಟೆಲ್ ಹತ್ತಿರ ಬಂದರೆ, ಮೈಮುಟ್ಟಲು ಬಂದರೆ 112, ಇನ್ನೊಂದು ಯೋಚನೆ ಬೇಡ.

ನನ್ನನ್ನು ಕೇಳಿದರೆ, ನಿಮ್ಮ ವಿಷಯದಲ್ಲಿ ಎರಡೂ ಕಡೆ ದೂರು ಕೊಡುವುದು ಒಳ್ಳೆಯದು. ಒಂದು ಫೋಟೊ ಆಗಲೇ ಹೊರಗೆ ಹೋಗಿದೆ. ರೂಮಿಗೆ ಬಾ ಎಂದು ಕೇಳುತ್ತಿದ್ದಾನೆ. ಇದು ಫೋನಿನಲ್ಲೇ ನಿಲ್ಲುವ ವಿಷಯ ಅಂತ ನನಗೆ ಅನ್ನಿಸುತ್ತಿಲ್ಲ. ಆದರೆ ಪೊಲೀಸ್ ಬೇಡ ಎನಿಸಿದರೆ ಸಮಿತಿಯಿಂದಲೇ ಶುರು ಮಾಡಿ. ತೀರ್ಮಾನ ನಿಮ್ಮದು.

ಮನೆಯ ವಿಷಯ. ನಿಮಗೆ 18 ದಾಟಿದೆ. ಸಮಿತಿ ನಿಮ್ಮ ಅಪ್ಪ ಅಮ್ಮನಿಗೆ ಹೇಳಲೇಬೇಕು ಎಂಬ ನಿಯಮ ಇಲ್ಲ, ಗುಟ್ಟು ಕಾಯುವುದು ಅದರ ಕರ್ತವ್ಯ. ಆದರೆ ವಾರ್ಡನ್ ಗಾಬರಿಯಾಗಿ ಮನೆಗೆ ಫೋನ್ ಮಾಡಿದ್ದನ್ನು ನಾನು ನೋಡಿದ್ದೇನೆ. ಹಾಗಾಗಿ ವಾರ್ಡನ್ ಮೂಲಕ ಹೋಗದೆ ನೇರ ಸಮಿತಿ ಅಧ್ಯಕ್ಷೆಗೆ ಕೊಡಿ, ಮನೆಗೆ ತಿಳಿಸಬಾರದು ಎಂದು ಬರೆಯಿರಿ. ಪೊಲೀಸರಿಗೂ ಹಾಸ್ಟೆಲ್ ವಿಳಾಸ, ನಿಮ್ಮದೇ ನಂಬರ್ ಕೊಡಿ. ಇಷ್ಟಾದರೂ ಸುದ್ದಿ ಮನೆ ಮುಟ್ಟುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಅವನ ಬಾಯಿಂದ ಕೇಳುವುದಕ್ಕಿಂತ ನಿಮ್ಮ ಬಾಯಿಂದ, ಅಥವಾ ನೀವು ನಂಬುವ ಚಿಕ್ಕಮ್ಮನ ಬಾಯಿಂದ ಅಮ್ಮ ಕೇಳುವುದು ಮೇಲು. ಬೈದು ಬೈದು ಕೊನೆಗೆ ಮಗಳ ಪಕ್ಕದಲ್ಲೇ ಠಾಣೆಯ ಬೆಂಚಿನ ಮೇಲೆ ಕೂತ ಅಮ್ಮಂದಿರನ್ನು ಬೇಕಾದಷ್ಟು ನೋಡಿದ್ದೇನೆ. ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಎನಿಸುತ್ತದೆ ಎಂದು ಬರೆದಿದ್ದೀರಿ. ಅದನ್ನು ಸುಮ್ನೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ರೂಮ್‌ಮೇಟ್ ಪಕ್ಕದಲ್ಲಿರಲಿ.

ದೂರು ಹೇಗೆ ಬರೆಯುವುದು ಅಂತ ಕೇಳಿದ್ದೀರಿ. ದೊಡ್ಡ ಭಾಷೆ ಬೇಕಿಲ್ಲ. ಹೀಗೆ ಬರೆಯಿರಿ:

‘ಆಂತರಿಕ ದೂರು ಸಮಿತಿಯ ಅಧ್ಯಕ್ಷರಿಗೆ. ನನ್ನ ತರಗತಿಯ (ಹೆಸರು) ನನ್ನ ಖಾಸಗಿ ಫೋಟೊಗಳನ್ನು ಹಂಚುವುದಾಗಿ ಬೆದರಿಸಿ ತನ್ನ ಕೋಣೆಗೆ ಬರಲು ಒತ್ತಾಯಿಸುತ್ತಿದ್ದಾನೆ. ಮೊದಲ ಬೆದರಿಕೆ ಬಂದದ್ದು (ತಾರೀಕು), ಕೊನೆಯದು (ತಾರೀಕು). (ತಾರೀಕು) ದಿನ ಒಂದು ಫೋಟೊವನ್ನು (ಹೆಸರು) ಅವರಿಗೆ ಕಳಿಸಿದ್ದಾನೆ, ಅವರು ಸಾಕ್ಷಿ. ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ, ಫೋಟೊಗಳನ್ನು ಲಗತ್ತಿಸಿಲ್ಲ. ವಿಚಾರಣೆ ಮುಗಿಯುವವರೆಗೆ ಅವನು ನನ್ನನ್ನು ಸಂಪರ್ಕಿಸದಂತೆ, ನನ್ನ ಹತ್ತಿರ ಬರದಂತೆ ತಕ್ಷಣ ಆದೇಶ ಮಾಡಬೇಕು. ನನ್ನ ಒಪ್ಪಿಗೆ ಇಲ್ಲದೆ ಮನೆಯವರಿಗೆ ತಿಳಿಸಬಾರದು.’

ಕೆಳಗೆ ಸಹಿ, ತಾರೀಕು. ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕರಿಸಿದ ಸಹಿ, ಸೀಲು ಹಾಕಿಸಿಕೊಂಡು ರೂಮ್‌ಮೇಟ್ ಹತ್ತಿರ ಇಡಿ. ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರೆ ಅಲ್ಲೇ ಕೂತು ಅದೇ ದೂರನ್ನು ಸಮಿತಿಯ ಇಮೇಲಿಗೆ ಕಳಿಸಿ. ಕಳಿಸಿದ ಸಮಯ ಅದರಲ್ಲೇ ದಾಖಲಾಗುತ್ತದೆ.